ಡಿಸ್ಚಾರ್ಜ್ ಆದ್ಮೇಲೆ ಏನು? ವೀಲ್‌ಚೇರ್ ಮೇಲೆ ಕೂತೇ ದಾರಿ ತೋರಿಸಿದ ವೆಲ್ಲೂರಿನ ಡಾ. ಮೇರಿ ವರ್ಗೀಸ್

ನಮ್ಮ ಕೋಲಾರ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದ್ರೆ ದಾರಿ ಎರಡೇ. ಒಂದು ಬೆಂಗಳೂರು, ಇನ್ನೊಂದು ವೆಲ್ಲೂರು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ಸಾಕು, ಸಿಎಂಸಿ ಆಸ್ಪತ್ರೆಗೆ ಆಟೋದವರೇ ಕರೆದು ಕೂರಿಸಿಕೊಳ್ತಾರೆ. ಅದೇ ಸಿಎಂಸಿಗೆ ಸೇರಿದ ಇನ್ನೊಂದು ಜಾಗ ಊರಾಚೆ ಬಾಗಾಯಂ ಕಡೆ ಇದೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸ್ವಾಧೀನ ಹೋದವರು, ತಲೆಗೆ ಏಟು ಬಿದ್ದವರು ಅಲ್ಲಿ ವಾರಗಟ್ಟಲೆ ಇದ್ದು ಮನೆಗೆ ಹೋಗೋದನ್ನ ಕಲಿಯುತ್ತಾರೆ. ಹೌದು, ಮನೆಗೆ ಹೋಗೋದನ್ನೂ ಕಲೀಬೇಕು. ಆ ಜಾಗಕ್ಕೆ ಡಾ. ಮೇರಿ ವರ್ಗೀಸ್ ಅವರ ಹೆಸರಿದೆ. ಆಕೆ ತೀರಿಕೊಂಡದ್ದು 1986ರಲ್ಲಿ. ಒಂದು ಕಾಲಕ್ಕೆ ದೇಶವಿದೇಶದ ಪತ್ರಿಕೆಗಳಲ್ಲಿ ಬಂದ ಹೆಸರು. ಅಲ್ಲಿ ಚಿಕಿತ್ಸೆ ಪಡೆದು ಬಂದ ನಮ್ಮವರಲ್ಲಿ ಎಷ್ಟು ಜನಕ್ಕೆ ಆಕೆ ಯಾರು ಅಂತ ಗೊತ್ತಿದೆಯೋ ಏನೋ.

ಮೇರಿ ಹುಟ್ಟಿದ್ದು 1925ರಲ್ಲಿ, ಕೇರಳದ ಕೊಚ್ಚಿ ಹತ್ತಿರದ ಚೆರಾಯಿಯಲ್ಲಿ. ಊರಲ್ಲಿ ಹೆಸರಿದ್ದ ಜಮೀನ್ದಾರರ ಮನೆ, ದೊಡ್ಡ ಕುಟುಂಬ. ಎರ್ನಾಕುಲಂನ ಮಹಾರಾಜಾಸ್ ಕಾಲೇಜಲ್ಲಿ ಓದಿ 1946ರಲ್ಲಿ ವೆಲ್ಲೂರಿಗೆ ಬಂದು ಮೆಡಿಕಲ್ ಸೇರಿದರು. ಅಮೆರಿಕದ ಐಡಾ ಸ್ಕಡ್ಡರ್ 1900ರಲ್ಲಿ ಒಂದೇ ಹಾಸಿಗೆ ಹಾಕಿ ಶುರು ಮಾಡಿದ್ದ ಆಸ್ಪತ್ರೆ ಅಷ್ಟೊತ್ತಿಗೆ ಬೆಳೆದು ಕಾಲೇಜಾಗಿತ್ತು. ಮೇರಿಗೆ ಹೆರಿಗೆ, ಹೆಂಗಸರ ಕಾಯಿಲೆ ಕಡೆ ಒಲವು. ಡಾಕ್ಟರ್ ಆದರು, ಕೆಲಸಕ್ಕೂ ಸೇರಿದರು. ಇಷ್ಟರವರೆಗೆ ಒಳ್ಳೆ ಮನೆತನದ ಬುದ್ಧಿವಂತ ಹುಡುಗಿಯೊಬ್ಬಳ ಮಾಮೂಲಿ ಕಥೆ.

1954ರ ಜನವರಿಯಲ್ಲಿ ಜೊತೆಯ ಡಾಕ್ಟರುಗಳ ಜೊತೆ ಹೊರಟಿದ್ದ ಗಾಡಿ ಅಪಘಾತಕ್ಕೆ ಸಿಕ್ಕಿತು. ಮೇರಿಯವರ ಮುಖದ ಮೂಳೆಗಳು ಮುರಿದವು, ಕೆನ್ನೆಯ ಮೇಲಿನ ಗಾಯದ ಗುರುತು ಕೊನೇತನಕ ಹೋಗಲಿಲ್ಲ. ಅದು ಸಣ್ಣದು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಪೂರ್ತಿ ಸ್ವಾಧೀನ ಹೋಯಿತು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

ಬೆನ್ನುಹುರಿ ಪೆಟ್ಟು ಅಂದ್ರೆ ಬರೀ ನಡೆಯೋಕೆ ಆಗಲ್ಲ ಅಂತ ನಾವು ತಿಳ್ಕೊಂಡಿರ್ತೀವಿ. ಅಸಲಿ ಕಷ್ಟ ಬೇರೆ. ಕೆಳಗಿನ ಚರ್ಮಕ್ಕೆ ನೋವೇ ಗೊತ್ತಾಗಲ್ಲ. ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸ್ತೀವಿ, ಯಾಕಂದ್ರೆ ಒಂದೇ ಕಡೆ ಒತ್ತಿದರೆ ನೋಯುತ್ತೆ. ನೋವಿಲ್ಲದವರು ಒಂದೇ ಕಡೆ ಮಲಗಿಬಿಡ್ತಾರೆ, ಅಲ್ಲಿ ರಕ್ತ ಓಡಲ್ಲ, ಚರ್ಮ ಕೊಳೆತು ಮೂಳೆವರೆಗೆ ಹುಣ್ಣಾಗುತ್ತೆ. ಅದಕ್ಕೇ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ರಾತ್ರಿನೂ. ಇನ್ನೊಂದು ಮೂತ್ರದ್ದು. ತುಂಬಿದ್ದು ಗೊತ್ತಾಗಲ್ಲ, ಪೂರ್ತಿ ಖಾಲಿನೂ ಆಗಲ್ಲ, ಸೋಂಕು ಹತ್ತಿ ಕಿಡ್ನಿಗೆ ಏರುತ್ತೆ. ಹಿಂದೆಲ್ಲಾ ಬೆನ್ನುಹುರಿ ಮುರಿದವರು ಸಾಯುತ್ತಿದ್ದದ್ದು ಹೆಚ್ಚಾಗಿ ಈ ಎರಡರಿಂದಲೇ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗಟ್‌ಮನ್ ಅನ್ನೋ ಡಾಕ್ಟರ್ 1944ರಲ್ಲಿ ಇವರಿಗಾಗಿಯೇ ವಾರ್ಡ್ ತೆರೆದು, ಮಗ್ಗುಲು ಬದಲಿಸೋದು, ಮೂತ್ರದ ಶುಚಿತ್ವ, ಆಟ, ಕೆಲಸ ಎಲ್ಲಾ ಸೇರಿಸಿದ ಮೇಲೆ ಇವರೂ ವರ್ಷಗಟ್ಟಲೆ ಬದುಕಬಹುದು ಅಂತ ಗೊತ್ತಾಯಿತು. ಮೇರಿಗೆ ಪೆಟ್ಟಾದಾಗ ನಮ್ಮ ದೇಶದಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ.

ಸ್ವತಃ ಡಾಕ್ಟರ್, ತನ್ನದೇ ಆಸ್ಪತ್ರೆಯ ಹಾಸಿಗೆ ಮೇಲೆ. ಮೇಲಿಂದ ಮೇಲೆ ಆಪರೇಷನ್. ತಿಂಗಳುಗಟ್ಟಲೆ ಮಲಗಿದಲ್ಲೇ. ಇನ್ನೊಬ್ಬರು ಎತ್ತಿ ತಿರುಗಿಸಿ ಒರೆಸುವವರೆಗೆ ಕಾಯೋದು ಹೇಗಿರುತ್ತೆ ಅಂತ ಆಕೆಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ.

ಅಲ್ಲಿ ಪಾಲ್ ಬ್ರ್ಯಾಂಡ್ ಅಂತ ಒಬ್ಬ ಇಂಗ್ಲಿಷ್ ಸರ್ಜನ್ ಇದ್ದರು. ಕುಷ್ಠ ರೋಗಿಗಳ ಕೈ ಆಪರೇಷನ್‌ಗೆ ಜಗತ್ತಿಗೇ ಹೆಸರಾದವರು. ಕುಷ್ಠದಲ್ಲಿ ನರ ಸತ್ತು ಅಂಗೈಯೊಳಗಿನ ಸಣ್ಣ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ, ಬೆರಳು ಪಂಜದ ಥರ ಮಡಚಿಕೊಳ್ಳುತ್ತೆ. ಬ್ರ್ಯಾಂಡ್ ಚೆನ್ನಾಗಿ ಕೆಲಸ ಮಾಡೋ ಬೇರೆ ಸ್ನಾಯುವಿನ ನಾರನ್ನು ತಂದು, ಸೀಳಿ, ಸತ್ತ ಸ್ನಾಯುವಿನ ಜಾಗದ ಕೆಲಸಕ್ಕೆ ಹೊಲಿಯುತ್ತಿದ್ದರು. ಬೆರಳು ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಕೈ ಆಪರೇಷನ್ ಕೂತ್ಕೊಂಡೇ ಮಾಡೋದು ತಾನೇ? ಹಾಗಾದ್ರೆ ಮೇರಿ ಯಾಕೆ ಮಾಡಬಾರದು ಅಂತ ಅವರಿಗೆ ಅನ್ನಿಸಿತು. ಮೇರಿ ಕಲಿತರು. ವೀಲ್‌ಚೇರಲ್ಲಿ ಆಪರೇಷನ್ ಥಿಯೇಟರಿಗೆ ಬಂದು, ಜನ ಮುಟ್ಟೋಕೆ ಹಿಂಜರಿಯುತ್ತಿದ್ದ ಕೈಗಳನ್ನ ಹಿಡಿದು ಸರಿ ಮಾಡಿದರು. ತಮ್ಮಂತೆಯೇ ಅಂಗ ಊನವಾದ ಡಾಕ್ಟರನ್ನ ನೋಡಿ ರೋಗಿಗಳಿಗೆ ಏನನ್ನಿಸಿರಬೇಕು ಅಂತ ನೀವೇ ಯೋಚನೆ ಮಾಡಿ. ಬೇರೆ ಡಾಕ್ಟರ್ ಹೇಳಿದ ಧೈರ್ಯ ಒಂದು ಲೆಕ್ಕ, ಗಾಲಿ ಕುರ್ಚಿಯಲ್ಲಿ ಕೂತ ಡಾಕ್ಟರ್ ಹೇಳಿದ್ದು ಇನ್ನೊಂದು ಲೆಕ್ಕ.

ಮೇರಿ ಬಗ್ಗೆ ಬರೆಯೋರೆಲ್ಲಾ ಇಲ್ಲಿಗೇ ನಿಲ್ಲಿಸ್ತಾರೆ. ವೀಲ್‌ಚೇರ್ ಸರ್ಜನ್, ಎಂಥಾ ಛಲ, ಅಂತ. ನನಗೆ ಮಾತ್ರ ಇದಾದ ಮೇಲಿನ ಕೆಲಸವೇ ದೊಡ್ಡದು ಅನ್ನಿಸುತ್ತೆ. ಅದಕ್ಕೆ ಮೊದಲು ಬ್ರ್ಯಾಂಡ್ ಅವರಿಗೆ ಆದ ಅನುಭವ ಒಂದು ಹೇಳಬೇಕು.

ಆಪರೇಷನ್ ಮಾಡಿ ಕೈ ನೆಟ್ಟಗೆ ಮಾಡಿ ಕಳಿಸಿದ ಕೆಲವರು ವಾಪಸ್ ಬಂದು ಗೋಳು ಹೇಳಿಕೊಂಡರಂತೆ. ಮಡಚಿದ ಕೈ ಇದ್ದಾಗ ಭಿಕ್ಷೆ ಹುಟ್ಟುತ್ತಿತ್ತು, ಈಗ ಅದೂ ಇಲ್ಲ. ರೋಗದ ಹೆಸರು ಕೇಳಿ ಕೆಲಸನೂ ಯಾರೂ ಕೊಡಲ್ಲ. ಅಂದ್ರೆ ಆಸ್ಪತ್ರೆ ಲೆಕ್ಕದಲ್ಲಿ ಗೆದ್ದ ಕೇಸು, ಮನೆಗೆ ಹೋದ ಮೇಲೆ ಸೋತಿತ್ತು. ಹಾಗಾಗಿ ಬ್ರ್ಯಾಂಡ್ ಕಾಲೇಜಿನ ಜಾಗದಲ್ಲೇ ಮಣ್ಣಿನ ಗೋಡೆಯ ಸಣ್ಣ ಸಣ್ಣ ಮನೆ ಕಟ್ಟಿಸಿದರು. ನವಜೀವ ನಿಲಯ ಅಂತ ಹೆಸರು. ವಾರ್ಡ್ ಥರ ಅಲ್ಲ, ಹಳ್ಳಿ ಥರ. ಆಪರೇಷನ್ ಆದವರು ಅಲ್ಲಿದ್ದು ಮರಗೆಲಸ ಕಲಿತು, ಆಮೇಲೆ ಊರಿಗೆ ಹೋಗೋದು.

ಅಲ್ಲೂ ಒಂದು ವಿಚಿತ್ರ ಆಯಿತು. ರಾತ್ರಿ ಮಲಗಿದವರ ಬೆರಳಿನ ತುದಿ ಬೆಳಗ್ಗೆ ಎದ್ದಾಗ ಇರುತ್ತಿರಲಿಲ್ಲ! ಕಾದು ಕೂತು ನೋಡಿದರೆ, ಇಲಿ. ಸ್ಪರ್ಶ ಇಲ್ಲದ ಬೆರಳನ್ನ ಇಲಿ ಕಚ್ಚಿ ತಿನ್ನುತ್ತಿದ್ದರೂ ಇವರಿಗೆ ಎಚ್ಚರ ಆಗುತ್ತಿರಲಿಲ್ಲ. ಕುಷ್ಠದಲ್ಲಿ ಬೆರಳು ತಾನಾಗಿಯೇ ಉದುರುತ್ತೆ ಅಂತ ಜನ ನಂಬಿಕೊಂಡಿದ್ದರು, ನಿಜ ಅದಲ್ಲ. ಅಲ್ಲಿಂದ ಮುಂದೆ ಮನೆಗೆ ಹೊರಟವರ ಕೈಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸುವ ಪದ್ಧತಿ ಬಂತು. ಮಾತ್ರೆ, ಚೀಟಿ, ಜೊತೆಗೆ ಬೆಕ್ಕು. ರೋಗಿ ಹೋಗುತ್ತಿರೋದು ಎಂಥಾ ಮನೆಗೆ, ಆ ಮನೆಯಲ್ಲಿ ರಾತ್ರಿ ಏನು ಓಡಾಡುತ್ತೆ ಅಂತ ಯೋಚನೆ ಮಾಡಿದ ಆಸ್ಪತ್ರೆಗೆ ಮಾತ್ರ ಇದು ಹೊಳೆಯುತ್ತೆ.

ಮೇರಿ ಕೆಲಸ ಮಾಡಿದ್ದು ಇಂಥವರ ನಡುವೆ. ಆದರೆ ತನ್ನಂಥ ಬೆನ್ನುಹುರಿ ರೋಗಿಗಳಿಗೆ ಏನೂ ಇಲ್ಲ ಅನ್ನೋದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲು ಆಸ್ಟ್ರೇಲಿಯಾದ ಪರ್ತ್‌ಗೆ ಹೋದರು, ರೋಗಿಯಾಗಿ. ತನ್ನ ಕೆಲಸ ತಾನೇ ಮಾಡಿಕೊಳ್ಳೋದನ್ನ ಅಲ್ಲಿ ಕಲಿತರು. ಆಮೇಲೆ ನ್ಯೂಯಾರ್ಕ್. ಅಲ್ಲಿ ಡಾ. ಹೋವರ್ಡ್ ರಸ್ಕ್ ಅವರ ಪುನರ್ವಸತಿ ಸಂಸ್ಥೆ. ರಸ್ಕ್ ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ವಾಯುಪಡೆ ಯೋಧರನ್ನ ನೋಡಿಕೊಂಡವರು. ಕಾಯಿಲೆ ಬರದ ಹಾಗೆ ತಡೆಯೋದು ಒಂದು, ಬಂದ ಕಾಯಿಲೆ ವಾಸಿ ಮಾಡೋದು ಎರಡು, ರೋಗಿಯನ್ನ ಮತ್ತೆ ಬದುಕಿಗೆ ಸೇರಿಸೋದು ವೈದ್ಯದ ಮೂರನೇ ಹಂತ ಅನ್ನೋದು ಅವರ ವಾದ. ಆ ಸಂಸ್ಥೆಯಲ್ಲಿ ಹಾಸಿಗೆಯಿಂದ ಕುರ್ಚಿಗೆ ಜರುಗೋದು, ಬಟ್ಟೆ ಹಾಕೋದು, ಅಡುಗೆಮನೆ ಕೆಲಸ, ಎಲ್ಲವೂ ಚಿಕಿತ್ಸೆಯ ಭಾಗ. ಮೇರಿ ಅಲ್ಲಿ ತರಬೇತಿ ಮುಗಿಸಿ, ಆ ವಿಷಯದ ತಜ್ಞೆಯಾಗಿ ವಾಪಸ್ ಬಂದರು. ಅಮೆರಿಕದಲ್ಲೇ ಉಳಿಯಬಹುದಿತ್ತು. ಅಲ್ಲಿ ಲಿಫ್ಟು, ರ‍್ಯಾಂಪು, ಆ ಕಾಲಕ್ಕೂ ಇಲ್ಲಿಗಿಂತ ಅನುಕೂಲ ಜಾಸ್ತಿ. ಬಂದದ್ದು ವೆಲ್ಲೂರಿಗೆ.

1963ರಲ್ಲಿ ಸಿಎಂಸಿಯ ಫಿಸಿಕಲ್ ಮೆಡಿಸಿನ್ ಮತ್ತು ಪುನರ್ವಸತಿ ವಿಭಾಗದ ಹೊಣೆ ಅವರ ಕೈಗೆ ಬಂತು. ಅದೇ ವರ್ಷ ಡೊರೊಥಿ ಕ್ಲಾರ್ಕ್ ವಿಲ್ಸನ್ ಅನ್ನೋ ಅಮೆರಿಕದ ಲೇಖಕಿ ಬರೆದ ಅವರ ಜೀವನಚರಿತ್ರೆ, ಟೇಕ್ ಮೈ ಹ್ಯಾಂಡ್ಸ್, ಹೊರಬಂತು. ಪುಸ್ತಕದ ಹೊತ್ತಿಗೆ ಅಸಲಿ ಕೆಲಸ ಇನ್ನೂ ಶುರುವಾಗುತ್ತಿತ್ತು ಅಷ್ಟೇ. 1966ರಲ್ಲಿ ರೋಗಿಗಳು ಉಳಿದುಕೊಂಡು ಚಿಕಿತ್ಸೆ ಪಡೆಯೋ ಪುನರ್ವಸತಿ ಕೇಂದ್ರ ತೆರೆಯಿತು. ಭಾರತದಲ್ಲಿ ಆ ಥರದ್ದು ಅದೇ ಮೊದಲು.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನ್ಯೂಯಾರ್ಕಿನ ಪಾಠವನ್ನ ಹಾಗೇ ತಂದು ನಮ್ಮ ಹಳ್ಳಿಯವರಿಗೆ ಹಾಕೋಕೆ ಆಗಲ್ಲ. ಅಲ್ಲಿ ರೋಗಿ ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕಾರಿಗೆ. ನಮ್ಮವರು ನೆಲದ ಮೇಲೆ ಕೂತು ಉಣ್ಣೋರು, ಚಾಪೆ ಮೇಲೆ ಮಲಗೋರು. ಹೊಸ್ತಿಲು ದಾಟಬೇಕು, ಕಕ್ಕಸಿಗೆ ಕುಕ್ಕರಗಾಲಲ್ಲಿ ಕೂರಬೇಕು, ಮನೆ ಮುಂದೆ ಕೆಸರು. ಡಾಂಬರು ರಸ್ತೆಗೆ ಮಾಡಿದ ವೀಲ್‌ಚೇರ್ ರಾಗಿ ಹೊಲದ ದಾರಿಯಲ್ಲಿ ಎರಡು ದಿನ ಬಾಳಲ್ಲ. ಹಾಗಾಗಿ ಇಂಥ ಕೇಂದ್ರದಲ್ಲಿ ಮೊದಲ ಪ್ರಶ್ನೆ ಕಾಲಿನದ್ದಲ್ಲ, ಮನೆಯದ್ದು. ಬಾಗಿಲು ಎಷ್ಟು ಅಗಲ? ನೀರು ಎಲ್ಲಿಂದ? ಜೊತೆಗೆ ಯಾರಿದ್ದಾರೆ? ಮೊದಲು ಏನು ಕೆಲಸ ಮಾಡುತ್ತಿದ್ದೆ, ಈಗ ಏನು ಮಾಡಬಹುದು?

ಮನೆಯವರೊಬ್ಬರು ರೋಗಿ ಜೊತೆ ಉಳಿದುಕೊಳ್ತಾರೆ, ಊಟ ತಂದುಕೊಡೋಕೆ ಮಾತ್ರ ಅಲ್ಲ, ಕಲಿಯೋಕೆ. ಹೆಂಡತಿನೋ ಅಣ್ಣನೋ ಮಗ್ಗುಲು ಬದಲಿಸೋದು, ಚರ್ಮದಲ್ಲಿ ಕೆಂಪು ಕಲೆ ಇದೆಯಾ ನೋಡೋದು, ಮೂತ್ರದ ಟ್ಯೂಬ್ ಶುಚಿಯಾಗಿ ಹಾಕೋದು ಕಲಿಯಬೇಕು. ರೋಗಿ ತೋಳಿಗೆ ಬಲ ತಂದುಕೊಂಡು, ಕುರ್ಚಿಯ ಕೈ ಒತ್ತಿ ಆಗಾಗ ಮೈ ಎತ್ತೋದು ಕಲಿಯಬೇಕು. ಕೃತಕ ಕಾಲು, ಕ್ಯಾಲಿಪರ್ ಅಲ್ಲೇ ವರ್ಕ್‌ಶಾಪಲ್ಲಿ ಅಳತೆ ನೋಡಿ ಮಾಡ್ತಾರೆ. ಆಸ್ಪತ್ರೆ ಮಂದಿ ರೋಗಿಗಳ ಊರಿಗೂ ಹೋಗಿ ನೋಡಿಬರುವ ಪದ್ಧತಿ ಅಲ್ಲಿ ಬೆಳೆಯಿತು. ಎಲ್ಲಕ್ಕೂ ಮುಖ್ಯ, ಮುಂದೆ ಏನು ಮಾಡಬೇಕು ಅನ್ನೋ ಮಾತಲ್ಲಿ ರೋಗಿಗೂ ಪಾಲು. ಹಾಸಿಗೆ ಕಾಲಬುಡದಲ್ಲಿ ನಿಂತು ಡಾಕ್ಟರುಗಳು ತಮ್ಮೊಳಗೇ ಇಂಗ್ಲಿಷಲ್ಲಿ ಮಾತಾಡಿ ಹೋಗೋದು ಹೇಗಿರುತ್ತೆ ಅಂತ ಮಲಗಿ ನೋಡಿದ ಡಾಕ್ಟರ್ ತಾನೇ ಮೇರಿ.

ಕೆಲಸದ ವಿಷಯದಲ್ಲಿ ನಮ್ಮ ಪೇಟೆಯವರಿಗೆ ಒಂದು ಮಾತು. ಹೀಗೆ ಮನೆಗೆ ಬಂದವರು ಹೆಚ್ಚಾಗಿ ಹಿಡಿಯೋದು ಕೂತು ಮಾಡೋ ಕಸುಬು. ಹೊಲಿಗೆ, ರಿಪೇರಿ, ಪೆಟ್ಟಿಗೆ ಅಂಗಡಿ. ಎಸ್‌ಟಿಡಿ ಬೂತ್ ಕಾಲದಲ್ಲಿ ಗಾಜಿನ ಗೂಡಲ್ಲಿ ಕೂತಿರುತ್ತಿದ್ದವರನ್ನ ಹಳಬರು ನೆನಪಿಸಿಕೊಳ್ಳಬಹುದು, ಸರ್ಕಾರ ಅಂಗವಿಕಲರಿಗೆ ಆದ್ಯತೆ ಮೇಲೆ ಬೂತ್ ಕೊಡುತ್ತಿತ್ತು. ಈಗ ಅದೇ ಜನ ಗಿರಾಕಿಗಳಾಗಿ ನಮ್ಮ ಬಜಾರಿಗೆ ಬಂದರೆ ಚರಂಡಿ ಚಪ್ಪಡಿ, ಅದರ ಮೇಲೆ ಮೂರು ಮೆಟ್ಟಿಲು, ಮೆಟ್ಟಿಲ ಮೇಲೆ ಈರುಳ್ಳಿ ಮೂಟೆ. ಅಂಗಡಿ ಒಳಗೆ ಹೋಗೋದಿರಲಿ, ರಸ್ತೆಯಲ್ಲೇ ನಿಂತು ಕೂಗಿ ಕರೀಬೇಕು. ಇದು ಯಾರೋ ಒಬ್ಬರ ಅಂಗಡಿ ಅಂತಲ್ಲ, ಸಾಲಿಗೆ ಸಾಲೇ ಹಾಗಿದೆ.

ಹಾಗೇ ಇನ್ನೊಂದು. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ ಅಂತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಇರ್ತಾರೆ. ಅವರೂ ಅಂಗವಿಕಲರೇ. ಪಿಂಚಣಿ, ಗುರುತಿನ ಚೀಟಿ, ವೀಲ್‌ಚೇರ್ ಅರ್ಜಿ ಅವರ ಮೂಲಕ ಹೋಗುತ್ತೆ. ಮಾವಿನ ಮರದಿಂದಲೋ ಹುಣಸೆ ಮರದಿಂದಲೋ ಬಿದ್ದು, ಬೈಕಿಂದ ಬಿದ್ದು ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಮೊದಲು ಅವರನ್ನ ಕೇಳಿ. ಬಹಳ ಮನೆಗಳಲ್ಲಿ ಆಪರೇಷನ್‌ಗೆ ಹೊಲ ಅಡವಿಟ್ಟಿರ್ತಾರೆ, ಬೆನ್ನ ಹಿಂದೆ ಹುಣ್ಣಾಗಿರೋದನ್ನ ನೋಡಿರಲ್ಲ.

ಮೇರಿಯವರಿಗೆ 1972ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅಷ್ಟೊತ್ತಿಗೆ ಅವರು ವೀಲ್‌ಚೇರಲ್ಲಿ ಕೂತು 18 ವರ್ಷ ಆಗಿತ್ತು. ಅಪಘಾತ ಆದಮೇಲೆ ಅವರು ಬದುಕಿದ್ದು ಒಟ್ಟು 32 ವರ್ಷ, ಅಪಘಾತಕ್ಕೆ ಮುಂಚೆ ಬದುಕಿದ್ದಕ್ಕಿಂತ ಹೆಚ್ಚು. ಹುಣ್ಣು, ಸೋಂಕು, ಕಿಡ್ನಿ ತೊಂದರೆಯಲ್ಲೇ ಇಂಥವರ ಬದುಕು ಮುಗಿಯುತ್ತಿದ್ದ ದೇಶದಲ್ಲಿ ಇದು ಸಣ್ಣ ಲೆಕ್ಕ ಅಲ್ಲ. ಅವರ ಹೆಸರಿನ ಟ್ರಸ್ಟ್ ಅಂಗವಿಕಲರಿಗೆ ಕಸುಬು ಕಲಿಸುತ್ತಾ ಬಂದಿದೆ.

ಬಾಗಾಯಂ ಕೇಂದ್ರದವರು ರಿಹ್ಯಾಬ್ ಮೇಳ ಅಂತ ಒಂದು ಜಾತ್ರೆ ನಡೆಸ್ತಾರೆ. ಹಿಂದೆ ಅಲ್ಲಿದ್ದು ಮನೆಗೆ ಹೋದವರನ್ನ ಕುಟುಂಬದ ಸಮೇತ ಕರೆಸೋದು. ಹಳೇ ರೋಗಿಗಳು, ಹೊಸ ರೋಗಿಗಳು ಒಂದೇ ಕಡೆ. ಡಾಕ್ಟರುಗಳು ಚರ್ಮ ನೋಡ್ತಾರೆ, ಮೂತ್ರಕೋಶ ಚೆಕ್ ಮಾಡ್ತಾರೆ, ಮನೆಯಲ್ಲಿ ಏನು ತೊಂದರೆ ಅಂತ ಕೇಳ್ತಾರೆ. ಆಟೋಟ, ಹಾಡು ಇರುತ್ತೆ. ಮೊನ್ನೆ ತಾನೇ ಮರದಿಂದ ಬಿದ್ದು ಬಂದ ಹುಡುಗ, ಹತ್ತು ವರ್ಷದಿಂದ ಅಂಗಡಿ ನಡೆಸ್ತಿರೋನ ಪಕ್ಕ ವೀಲ್‌ಚೇರ್ ನಿಲ್ಲಿಸಿ ಮಾತಾಡಬಹುದು. ಆಮೇಲೆ ಎಲ್ಲರೂ ಅವರವರ ಊರಿಗೆ ಹೋಗ್ತಾರೆ.