ಜಾನ್ ಎಲಿಸ್ (ನಿಸರ್ಗ ವಿಜ್ಞಾನಿ)

ಜಾನ್ ಎಲಿಸ್ (ಸುಮಾರು ೧೭೧೦ – ೧೫ ಅಕ್ಟೋಬರ್ ೧೭೭೬) ಹದಿನೆಂಟನೆಯ ಶತಮಾನದ ನಿಸರ್ಗ ವಿಜ್ಞಾನಿ. ವೃತ್ತಿಯಿಂದ ಲಂಡನ್ನಿನ ಲಿನನ್ ಬಟ್ಟೆ ವ್ಯಾಪಾರಿ. ಸಸ್ಯಗಳೆಂದೇ ನಂಬಲಾಗಿದ್ದ ಕಡಲ ಹೈಡ್ರಾಯ್ಡ್‌ಗಳು ಪ್ರಾಣಿಗಳೆಂದು ತೋರಿಸಿಕೊಟ್ಟವರಲ್ಲಿ ಈತ ಪ್ರಮುಖ. ೧೭೫೪ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ.

ಸಂಶೋಧನೆ

೧೭೫೧ರಲ್ಲಿ ಆಂಗಲ್ಸೀ ಮತ್ತು ಡಬ್ಲಿನ್ ತೀರಗಳಿಂದ ಬಂದ ಕಡಲಪಾಚಿಗಳನ್ನು ಎಲಿಸ್ ಒಣಗಿಸಿ, ಭೂದೃಶ್ಯದ ಚಿತ್ರಗಳಂತೆ ಜೋಡಿಸುತ್ತಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳಲ್ಲಿ ಕೆಲವುಗಳ ರಚನೆ ಸಸ್ಯದಂತೆ ಕಾಣಲಿಲ್ಲ. ಸಿಹಿನೀರಿನ ಹೈಡ್ರ ಪ್ರಾಣಿಯೆಂದು ಟ್ರೆಂಬ್ಲಿ ಅದಾಗಲೇ ತೋರಿಸಿದ್ದ. ಆದರೆ ಒಣಗಿದ ಮಾದರಿ ಸಂದೇಹ ಹುಟ್ಟಿಸಬಲ್ಲದೇ ಹೊರತು ಅದನ್ನು ಬಗೆಹರಿಸಲಾರದು. ಆದ್ದರಿಂದ ೧೭೫೨ರ ಆಗಸ್ಟ್‌ನಲ್ಲಿ ಚಿತ್ರಕಾರ ಚಾರ್ಲ್ಸ್ ಬ್ರೂಕಿಂಗ್ ಜೊತೆ ಶೆಪ್ಪಿ ದ್ವೀಪಕ್ಕೆ ಹೋಗಿ, ಜೀವಂತ ಮಾದರಿಗಳನ್ನು ಕಡಲನೀರಿನಲ್ಲೇ ಇಟ್ಟು ಪರೀಕ್ಷಿಸಿದ. ಕೊಂಬೆಗಳ ಮೇಲಿನ ಪುಟ್ಟ ಬಟ್ಟಲುಗಳಿಂದ ಪಾಲಿಪ್‌ಗಳು ಹೊರಬಂದು ಕರಬಳ್ಳಿಗಳನ್ನು ಚಾಚಿದವು. ಈ ಫಲಿತಾಂಶಗಳು ೧೭೫೫ರಲ್ಲಿ ಕೋರಲೈನ್‌ಗಳ ಕುರಿತ ಸಚಿತ್ರ ಗ್ರಂಥವಾಗಿ ಪ್ರಕಟವಾದವು. ಡಚ್ ವಿದ್ವಾಂಸ ಯೋಬ್ ಬಾಸ್ಟರ್ ಇದನ್ನು ವಿರೋಧಿಸಿದ.

ಡೈನಮೀನ ಪ್ಯೂಮಿಲ

ಎಲಿಸ್ ವರ್ಣಿಸಿದವುಗಳಲ್ಲಿ ಕಂದು ಪಾಚಿಗಳ ಮೇಲೆ ಬೆಳೆಯುವ ಒಂದು ಕಿರುಜೀವಿಯೂ ಇತ್ತು. ಅದನ್ನು ಕಡಲ ಓಕ್ ಕೋರಲೈನ್ ಎಂದು ಕರೆದ. ಲಿನೇಯಸ್ ೧೭೫೮ರಲ್ಲಿ ಅದನ್ನು ಸರ್ಟುಲೇರಿಯ ಪ್ಯೂಮಿಲ ಎಂದು ಹೆಸರಿಸಿದ. ಈಗ ಅದು ಡೈನಮೀನ ಕುಲದಲ್ಲಿದೆ, ಕುಟುಂಬ ಸರ್ಟುಲಾರಿಡೀ. ಕೆಲವೇ ಸೆಂಟಿಮೀಟರ್ ಎತ್ತರದ ಇದರ ಕಾಂಡದಲ್ಲಿ ಬಟ್ಟಲುಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ; ಗುರುತಿಸಲು ಇದೇ ಮುಖ್ಯ ಲಕ್ಷಣ. ಈಜಾಡುವ ಮೆಡ್ಯೂಸ ಹಂತ ಇದಕ್ಕಿಲ್ಲ. ಉತ್ತರ ಅಟ್ಲಾಂಟಿಕಿನ ಎರಡೂ ದಡಗಳಲ್ಲಿ ಮತ್ತು ಶ್ವೇತ ಸಮುದ್ರದಲ್ಲಿ, ಉಬ್ಬರವಿಳಿತದ ವಲಯದ ಪಾಚಿಗಳ ಮೇಲೆ ಹೇರಳವಾಗಿ ಸಿಗುತ್ತದೆ.

ಕೋಪ್ಲಿ ಪದಕ

ಸುಣ್ಣದ ಕವಚವುಳ್ಳ ಕೋರಲೈನ ಕುಲವೂ ಪ್ರಾಣಿಯೇ ಎಂದು ಎಲಿಸ್ ವಾದಿಸಿದ. ಅದು ಸಸ್ಯವೆಂಬುದು ಪಲ್ಲಾಸನ ನಿಲುವು. ವಿಚಿತ್ರವೆಂದರೆ ಎಲಿಸ್‌ಗೆ ೧೭೬೭ರ ಕೋಪ್ಲಿ ಪದಕ ದೊರೆತ ಪ್ರಬಂಧಗಳಲ್ಲಿ ಈ ವಾದವೂ ಸೇರಿತ್ತು. ಕೋರಲೈನ ಇಂದು ಕೆಂಪು ಪಾಚಿಗಳ ಗುಂಪಿನಲ್ಲಿದೆ. ಹೈಡ್ರಾಯ್ಡ್‌ಗಳಲ್ಲಿ ಆತ ಪಾಲಿಪ್‌ಗಳನ್ನು ಕಣ್ಣಾರೆ ಕಂಡಿದ್ದ. ಇಲ್ಲಿ ಹೆಚ್ಚಾಗಿ ಸುಣ್ಣದ ರಚನೆಯನ್ನೇ ಆಧರಿಸಿದ.

ಕೊನೆಯ ವರ್ಷಗಳು

ಎಲಿಸ್ ೧೭೬೪ರಿಂದ ಪಶ್ಚಿಮ ಫ್ಲಾರಿಡಕ್ಕೆ, ೧೭೭೦ರಿಂದ ಡೊಮಿನಿಕಕ್ಕೆ ಸರ್ಕಾರಿ ಏಜೆಂಟನಾಗಿದ್ದ. ಕೀಟಾಹಾರಿ ಸಸ್ಯ ವೀನಸ್ ಫ್ಲೈಟ್ರ್ಯಾಪ್‌ಗೆ ಡಯೋನಿಯ ಮಸಿಪ್ಯುಲ ಎಂಬ ಹೆಸರಿಟ್ಟವನೂ ಈತನೇ. ಲಂಡನ್ನಿನಲ್ಲಿ ನಿಧನನಾದ. ಡೇನಿಯಲ್ ಸೊಲಾಂಡರ್ ಕ್ರಮಪಡಿಸಿದ ಆತನ ಕೊನೆಯ ಗ್ರಂಥ ೧೭೮೬ರಲ್ಲಿ ಹೊರಬಂತು. ಆ ವೇಳೆಗೆ ಸೊಲಾಂಡರ್ ಕೂಡ ಬದುಕಿರಲಿಲ್ಲ.