ಹುಳು ಸಾಕಿ ಚಿಟ್ಟೆಯ ಕಥೆ ತಿಳಿಸಿದ ಮರಿಯಾ ಮೆರಿಯನ್

ಮಕ್ಕಳೇ, ಕರಿಬೇವಿನ ಅಥವಾ ನಿಂಬೆ ಗಿಡದ ಎಲೆ ತಿನ್ನುವ ಹಸಿರು ಹುಳುವನ್ನು ನೀವು ನೋಡಿದ್ದೀರಾ? ಅದೇ ಹುಳು ಮುಂದೆ ಚಿಟ್ಟೆಯಾಗುತ್ತದೆ ಎಂದು ನಿಮಗೆ ಪಾಠದಿಂದ ಗೊತ್ತು. ಆದರೆ 17ನೆಯ ಶತಮಾನದ ಯೂರೋಪಿನಲ್ಲಿ ಬಹಳ ಜನರಿಗೆ ಇದು ತಿಳಿದಿರಲಿಲ್ಲ. ಕೆಸರಿನಿಂದ, ಕೊಳೆತ ವಸ್ತುಗಳಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂದು ಅವರು ನಂಬಿದ್ದರು. ಆ ಕಾಲದಲ್ಲಿ ಮನೆಯಲ್ಲೇ ಹುಳುಗಳನ್ನು ಸಾಕಿ, ಅವುಗಳ ಬದುಕನ್ನು ಕಣ್ಣಾರೆ ಕಂಡು ಚಿತ್ರಿಸಿದವರು ಮರಿಯಾ ಸಿಬಿಲ್ಲಾ ಮೆರಿಯನ್.

ಮರಿಯಾ ಹುಟ್ಟಿದ್ದು 1647ರ ಏಪ್ರಿಲ್ 2ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ತಂದೆ ಪುಸ್ತಕ ಪ್ರಕಾಶಕರು, ತಾಮ್ರದ ಫಲಕದಲ್ಲಿ ಚಿತ್ರ ಕೊರೆಯುವ ಕಲಾವಿದರು. ಮರಿಯಾಗೆ ಮೂರು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ಮರುಮದುವೆಯಾದ ಯಾಕೋಬ್ ಮಾರೆಲ್ ಹೂಗಳ ಚಿತ್ರ ಬರೆಯುವುದರಲ್ಲಿ ಹೆಸರು ಪಡೆದಿದ್ದರು. ಹೀಗೆ ಮರಿಯಾಗೆ ಮನೆಯೇ ಚಿತ್ರಶಾಲೆಯಾಯಿತು.

13ನೆಯ ವಯಸ್ಸಿನಲ್ಲಿ ಅವಳು ರೇಷ್ಮೆ ಹುಳು ಸಾಕತೊಡಗಿದಳು. ರಾಮನಗರ, ಕೋಲಾರದ ಕಡೆಯ ಮಕ್ಕಳಿಗೆ ರೇಷ್ಮೆ ಹುಳು ಹೊಸದಲ್ಲ, ಅಲ್ಲವೇ? ಹುಳು ಎಲೆ ತಿಂದು ಬೆಳೆಯುವುದು, ಪೊರೆ ಕಳಚುವುದು, ಗೂಡು ಕಟ್ಟುವುದು, ಕೊನೆಗೆ ಗೂಡಿನಿಂದ ಪತಂಗ ಹೊರಬರುವುದು ಎಲ್ಲವನ್ನೂ ಮರಿಯಾ ನೋಡಿದಳು. ಬೇರೆ ಹುಳುಗಳೂ ಹೀಗೆಯೇ ಬದಲಾಗುತ್ತವೆಯೇ ಎಂಬ ಪ್ರಶ್ನೆ ಅವಳಿಗೆ ಬಂತು. ತೋಟಗಳಿಂದ ಕಂಬಳಿಹುಳುಗಳನ್ನು ತಂದು ಸಾಕಲು ಶುರುಮಾಡಿದಳು.

1665ರಲ್ಲಿ ಚಿತ್ರಕಾರ ಯೋಹಾನ್ ಆಂಡ್ರಿಯಾಸ್ ಗ್ರಾಫ್ ಅವರೊಡನೆ ಮರಿಯಾ ಅವರ ಮದುವೆಯಾಯಿತು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಮನೆಗೆಲಸ, ಚಿತ್ರಕಲೆಯ ಪಾಠ ಇವುಗಳ ನಡುವೆಯೂ ಹುಳುಗಳ ಆರೈಕೆ ನಿಲ್ಲಲಿಲ್ಲ. ಒಂದೊಂದು ಬಗೆಯ ಹುಳು ತನಗೆ ಒಗ್ಗುವ ಕೆಲವೇ ಗಿಡಗಳ ಎಲೆ ತಿನ್ನುತ್ತದೆ, ಆ ಎಲೆ ಸಿಗದಿದ್ದರೆ ಸಾಯುತ್ತದೆ ಎಂದು ಅವರು ಕಂಡರು. ಆದ್ದರಿಂದ ಹುಳು, ಕೋಶ, ಚಿಟ್ಟೆ ಇವುಗಳನ್ನು ಹುಳು ತಿನ್ನುವ ಗಿಡದೊಂದಿಗೆ ಒಂದೇ ಚಿತ್ರದಲ್ಲಿ ತೋರಿಸಿದರು.

ಕೀಟಗಳು ಮೊಟ್ಟೆಯಿಂದಲೇ ಹುಟ್ಟುತ್ತವೆ ಎಂದು ಇಟಲಿಯ ಫ್ರಾನ್ಸೆಸ್ಕೊ ರೆಡಿಯಂಥ ವಿಜ್ಞಾನಿಗಳೂ ಆಗ ಹೇಳುತ್ತಿದ್ದರು. ಆದರೆ ಅವರ ಗ್ರಂಥಗಳು ವಿದ್ವಾಂಸರಿಗಾಗಿ ಇದ್ದವು. ಮರಿಯಾ ಅವರು 1679ರಲ್ಲಿ 50 ಚಿತ್ರಫಲಕಗಳ ಪುಸ್ತಕವನ್ನು ಜನರಾಡುವ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. 1683ರಲ್ಲಿ ಎರಡನೆಯ ಭಾಗ ಬಂತು.

ಒಮ್ಮೊಮ್ಮೆ ಕೋಶದಿಂದ ಚಿಟ್ಟೆಯ ಬದಲು ನೊಣಗಳು ಹೊರಬರುತ್ತಿದ್ದವು! ಕೆಲವು ನೊಣಗಳೂ ಕಣಜಗಳೂ ಹುಳುವಿನ ಮೇಲೆ ಅಥವಾ ಒಳಗೆ ಮೊಟ್ಟೆಯಿಟ್ಟು, ಅವುಗಳ ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ ಎಂದು ಇಂದು ನಮಗೆ ಗೊತ್ತು. ಮರಿಯಾ ಅವರು ತಾವು ಬಯಸಿದ್ದು ಸಿಗಲಿಲ್ಲವೆಂದು ಅದನ್ನು ಬಿಟ್ಟುಬಿಡಲಿಲ್ಲ. ಕಂಡದ್ದನ್ನು ಕಂಡಂತೆಯೇ ಬರೆದಿಟ್ಟರು.

1691ರಲ್ಲಿ ಅವರು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಗೆ ಬಂದರು. ಅಲ್ಲಿನ ಶ್ರೀಮಂತರ ಸಂಗ್ರಹಗಳಲ್ಲಿ ದೂರದೇಶಗಳ ಚೆಂದದ ಚಿಟ್ಟೆಗಳಿದ್ದವು. ಆದರೆ ಅವು ಎಲ್ಲಿ ಹುಟ್ಟುತ್ತವೆ, ಏನು ತಿನ್ನುತ್ತವೆ ಎಂಬುದು ಆ ಸಂಗ್ರಹಗಳಿಂದ ತಿಳಿಯುತ್ತಿರಲಿಲ್ಲ. ಅದನ್ನು ಕಾಣಲೆಂದು ಮರಿಯಾ ತಮ್ಮ ಚಿತ್ರಗಳನ್ನು ಮಾರಿ ಹಣ ಕೂಡಿಸಿದರು. 1699ರಲ್ಲಿ, 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳು ಡೊರೊಥಿಯಾಳೊಡನೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದರು.

ಅಲ್ಲಿನ ತೋಟಗಳ ಒಡೆಯರಿಗೆ ಕಬ್ಬು, ಸಕ್ಕರೆಯದೇ ಚಿಂತೆ. ಹುಳು ಹುಡುಕುವ ಈ ಮಹಿಳೆಯನ್ನು ಅವರು ಗೇಲಿ ಮಾಡಿದರು. ಮರಿಯಾ ಅವರಿಗೆ ನೆರವಾದವರು ಅಲ್ಲಿನ ಮೂಲನಿವಾಸಿಗಳು ಮತ್ತು ಗುಲಾಮಗಿರಿಯಲ್ಲಿ ನರಳುತ್ತಿದ್ದ ಆಫ್ರಿಕದ ಜನ. ಕಾಡಿನಲ್ಲಿ ದಾರಿ ಕಡಿದವರು, ಗಿಡಗಳ ಉಪಯೋಗ ತಿಳಿಸಿದವರು ಅವರೇ. ಅವರಿಗಾಗುತ್ತಿದ್ದ ಹಿಂಸೆಯನ್ನೂ ಮರಿಯಾ ದಾಖಲಿಸಿದ್ದಾರೆ.

ಕಾಯಿಲೆ ಬಿದ್ದು 1701ರಲ್ಲಿ ಅವರು ಹಿಂತಿರುಗಬೇಕಾಯಿತು. 1705ರಲ್ಲಿ ಸುರಿನಾಮಿನ ಕೀಟಗಳ ರೂಪಪರಿವರ್ತನೆಯನ್ನು ಕುರಿತ, 60 ಚಿತ್ರಫಲಕಗಳ ಗ್ರಂಥ ಹೊರಬಂತು. 1717ರ ಜನವರಿ 13ರಂದು ಮರಿಯಾ ನಿಧನರಾದರು. ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್ ಅವರು ಮರಿಯಾ ಅವರ ಚಿತ್ರಗಳನ್ನು ಬಳಸಿಕೊಂಡರು. ಹಕ್ಕಿಯನ್ನು ತಿನ್ನುವ ದೊಡ್ಡ ಜೇಡದ ಚಿತ್ರವನ್ನು ಮಾತ್ರ ಅನೇಕರು ಸುಳ್ಳೆಂದರು. ಅಮೆಜಾನ್ ಕಾಡಿನಲ್ಲಿ ಅಂಥದೇ ಜೇಡವನ್ನು ಕಂಡದ್ದಾಗಿ ಹೆನ್ರಿ ಬೇಟ್ಸ್ 1863ರಲ್ಲಿ ಬರೆದರು.

ನೀವೂ ಮಾಡಿ ನೋಡಿ

ಕರಿಬೇವು ಅಥವಾ ನಿಂಬೆ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುವನ್ನು ಹುಡುಕಿ. ಎಲೆಯ ಸಮೇತ ಅಗಲ ಬಾಯಿಯ ಸೀಸೆಯಲ್ಲಿಟ್ಟು, ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ದಿನವೂ ಅದೇ ಗಿಡದ ಹೊಸ ಎಲೆ ಹಾಕಿ, ಹಿಕ್ಕೆ ತೆಗೆಯಿರಿ. ಕೋಶ ಕಟ್ಟಲು ಒಂದು ಕಡ್ಡಿ ಇಡಿ. ರೋಮವಿರುವ ಹುಳುಗಳನ್ನು ಮುಟ್ಟಬೇಡಿ, ತುರಿಕೆಯಾಗಬಹುದು. ದಿನಾಂಕ ಹಾಕಿ ಚಿತ್ರ ಬರೆಯಿರಿ. ಚಿಟ್ಟೆ ಹೊರಬಂದು ರೆಕ್ಕೆ ಒಣಗಿದ ಮೇಲೆ ಹಾರಿಬಿಡಿ. ಚಿಟ್ಟೆಯ ಬದಲು ನೊಣ ಬಂದರೆ ಬೇಸರ ಬೇಡ. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೆದು, ಶಿಕ್ಷಕರಿಗೆ ತೋರಿಸಿ.