ಬೆರಳಿಗೆ ಎಟುಕಿದ ಅಕ್ಷರ

ಅಕ್ಷರಗಳ ಚರಿತ್ರೆಯಲ್ಲಿ 1837 ಒಂದು ವಿಶೇಷ ವರ್ಷ. ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದು ಆಗ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನ ಹೆಸರನ್ನು ಓದಲು ಸಾಧ್ಯವಾದದ್ದು ಆ ಸಾಧನೆಯಿಂದ. ಅದೇ 1837ರಲ್ಲಿ ಪ್ಯಾರಿಸ್ಸಿನ ಅಂಧ ಅಧ್ಯಾಪಕರೊಬ್ಬರು ತಾವು ರೂಪಿಸಿದ ಚುಕ್ಕೆಲಿಪಿಯ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸಿದರು. ಅವರೇ ಲೂಯಿ ಬ್ರೈಲ್.

1809ರ ಜನವರಿ 4ರಂದು ಪ್ಯಾರಿಸ್ ಸಮೀಪದ ಕೂವ್ರೆ ಗ್ರಾಮದಲ್ಲಿ ಜನಿಸಿದ ಬ್ರೈಲ್, ಕುದುರೆ ಜೀನು ತಯಾರಿಸುವವರ ಮಗ. ಮೂರನೆಯ ವಯಸ್ಸಿನಲ್ಲಿ ತಂದೆಯ ಕಾರ್ಯಾಗಾರದ ಚೂಪಾದ ಉಪಕರಣವೊಂದು ಕಣ್ಣಿಗೆ ತಗುಲಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದನೆಯ ವಯಸ್ಸಿಗೆ ದೃಷ್ಟಿ ಪೂರ್ಣವಾಗಿ ಹೋಯಿತು. 1819ರಲ್ಲಿ ಅವರು ಪ್ಯಾರಿಸ್ಸಿನ ರಾಯಲ್ ಅಂಧ ಬಾಲಕರ ಸಂಸ್ಥೆಯನ್ನು ಸೇರಿದರು. ಅಲ್ಲಿ ಉಬ್ಬಕ್ಷರದ ಭಾರವಾದ ಗ್ರಂಥಗಳಿದ್ದವು. ಅವನ್ನು ತಡವಿ ನಿಧಾನವಾಗಿ ಓದಬಹುದಿತ್ತು; ಆದರೆ ಆ ಅಕ್ಷರಗಳಲ್ಲಿ ವಿದ್ಯಾರ್ಥಿ ತಾನಾಗಿ ಬರೆಯುವುದು ಅಸಾಧ್ಯವಾಗಿತ್ತು. ಅಂದರೆ ಅವನು ವಿದ್ಯೆಯ ಗ್ರಾಹಕನಷ್ಟೇ, ಉತ್ಪಾದಕನಲ್ಲ.

ಚಾರ್ಲ್ಸ್ ಬಾರ್ಬಿಯೇ ಎಂಬ ಮಾಜಿ ಸೇನಾಧಿಕಾರಿಯ ಚುಕ್ಕೆ ಬರಹ 1821ರಲ್ಲಿ ಸಂಸ್ಥೆಗೆ ಬಂದಿತು. ಅದರಲ್ಲಿ ಒಂದು ಸಂಕೇತಕ್ಕೆ ಹನ್ನೆರಡರವರೆಗೆ ಚುಕ್ಕೆಗಳು. ಬೆರಳ ತುದಿಗೆ ಒಮ್ಮೆಗೇ ನಿಲುಕದಷ್ಟು ಎತ್ತರ. ಕಾಗುಣಿತಕ್ಕಾಗಲಿ ಲೇಖನಚಿಹ್ನೆಗಳಿಗಾಗಲಿ ಅವಕಾಶವಿರಲಿಲ್ಲ. ಹದಿಹರೆಯದ ಬ್ರೈಲ್ ಅದನ್ನು ಆರು ಚುಕ್ಕೆಗಳಿಗೆ ಇಳಿಸಿದರು. ಅವುಗಳಿಂದ 63 ಸಂಯೋಜನೆಗಳು ಸಾಧ್ಯ. 1829ರಲ್ಲಿ ಪದ್ಧತಿಯನ್ನು ಪ್ರಕಟಿಸಿ, ಸಂಗೀತಕ್ಕೂ ಗಣಿತಕ್ಕೂ ಅದನ್ನು ವಿಸ್ತರಿಸಿದರು. ದೃಷ್ಟಿಯುಳ್ಳವರಿಗೆ ಅಂಧರು ಪತ್ರ ಬರೆಯುವಂತಾಗಲು 1839ರಲ್ಲಿ ಇನ್ನೊಂದು ವಿಧಾನವನ್ನೂ ರೂಪಿಸಿದರು.

ವಿಪರ್ಯಾಸವೆಂದರೆ, ಅವರ ಸಂಸ್ಥೆಯೇ ಈ ಲಿಪಿಗೆ ಬಾಗಿಲು ಮುಚ್ಚಿತು. 1840ರಲ್ಲಿ ಅಧಿಕಾರಕ್ಕೆ ಬಂದ ನಿರ್ದೇಶಕರು ಉಬ್ಬಕ್ಷರಕ್ಕೇ ಮನ್ನಣೆ ನೀಡಿದರು; ಅದು ಕಣ್ಣಿದ್ದವರಿಗೂ ಓದಲು ಬರುತ್ತಿತ್ತು. ವಿದ್ಯಾರ್ಥಿಗಳು ಗುಟ್ಟಾಗಿ ಚುಕ್ಕೆಗಳನ್ನು ಬಳಸುತ್ತಲೇ ಇದ್ದರು. 1844ರಲ್ಲಿ ಸಂಸ್ಥೆಯ ನೂತನ ಕಟ್ಟಡದ ಉದ್ಘಾಟನೆಯ ಸಂದರ್ಭದಲ್ಲಿ ಲಿಪಿಯ ಬಹಿರಂಗ ಪ್ರಾತ್ಯಕ್ಷಿಕೆ ನಡೆದು ಪರಿಸ್ಥಿತಿ ಬದಲಾಯಿತು. ಕ್ಷಯರೋಗದಿಂದ ಬಳಲುತ್ತಿದ್ದ ಬ್ರೈಲ್ 1852ರ ಜನವರಿ 6ರಂದು, 43ನೆಯ ವಯಸ್ಸಿನಲ್ಲಿ ನಿಧನರಾದರು. ಫ್ರಾನ್ಸ್ ಅವರ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು ಇನ್ನೆರಡು ವರ್ಷಗಳ ಬಳಿಕ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಭಾರತಿ ಬ್ರೈಲ್ ರೂಪುಗೊಂಡದ್ದು 1951ರಲ್ಲಿ.

ಈ ಜೀವನ ಆಡಳಿತಗಾರರಿಗೂ ಒಂದು ಪಾಠ: ಸಾಧನವನ್ನು ಆಯ್ಕೆ ಮಾಡುವವರ ಅನುಕೂಲವೇ ಬೇರೆ, ಬಳಸುವವರ ಅನುಕೂಲವೇ ಬೇರೆ. ಇಂದು ಕನ್ನಡವನ್ನು ಓದಿ ಹೇಳುವ, ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶಗಳು ಮೊಬೈಲಿನಲ್ಲೇ ಲಭ್ಯ. ಅಂಧರಿಗಷ್ಟೇ ಅಲ್ಲ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕುಳ್ಳ ಮಕ್ಕಳಿಗೂ ಅವು ಆಸರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಮಕ್ಕಳನ್ನೂ ಗುರುತಿಸಿದೆ. ಆದರೆ ಪಾಠದ ಪುಟವನ್ನು ಬರಿಯ ಚಿತ್ರವಾಗಿ ಉಳಿಸಿದರೆ, ಅಥವಾ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದರೆ, ಓದುವ ತಂತ್ರಾಂಶ ಮೂಕವಾಗುತ್ತದೆ ಅಥವಾ ತೊದಲುತ್ತದೆ. ಇದನ್ನು ಸರಿಪಡಿಸಲು ಕೋಟಿಗಳ ಅನುದಾನ ಬೇಕಿಲ್ಲ. ಒಂದು ಸ್ಪಷ್ಟ ಆದೇಶ ಮತ್ತು ಅದರ ಪಾಲನೆ ಸಾಕು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಶಾಲೆಗಳಿಗೆ ಯಂತ್ರಗಳನ್ನು ಕಳುಹಿಸುವ ಮುನ್ನ, ಅವನ್ನು ಬಳಸಬೇಕಾದ ವಿದ್ಯಾರ್ಥಿಯನ್ನು ಒಮ್ಮೆ ಕೇಳುವುದು ಲೇಸು.